ಮೆಟ್ಟಿಲಾದ ಬೀಸುಕಲ್ಲು

ಇಂಗ್ಲೆಂಡಿನ ಹಳ್ಳಿಯೊಂದರ ನೀರಿನ ಗಿರಣಿಯಲ್ಲಿ, ಗೋಧಿ ಮುಗಿಯುತ್ತ ಬಂದರೆ ಗಂಟೆಯೊಂದು ಕೂಗಿ ಬೀಸುಕಲ್ಲನ್ನು ಎಚ್ಚರಿಸುತ್ತಿತ್ತು. ಪೇಟೆಯಲ್ಲಿ ಹಬೆಯ ಗಿರಣಿ ಬಂದ ಮೇಲೆ ಇಲ್ಲಿ ಗೋಧಿ ಕಡಿಮೆಯಾಯಿತು, ಗಂಟೆಯ ಕೂಗು ಹೆಚ್ಚಾಯಿತು.

"ನನ್ನ ಹೊಟ್ಟೆ ಖಾಲಿಯೆಂದು ಊರಿಗೆಲ್ಲ ಡಂಗುರ ಸಾರುತ್ತೀಯಾ? ಬಾಯಿ ಮುಚ್ಚು!" ಎಂದು ಗದರಿದ ಬೀಸುಕಲ್ಲು ಕಾಳಿಲ್ಲದೆಯೇ ಗುಡುಗುಡು ತಿರುಗಿತು. ತನ್ನ ಕೆಳಗಿನ ಕಲ್ಲಿಗೆ ಉಜ್ಜಿ, ಕಿಡಿ ಹಾರಿ, ಬಿರಿದೇಹೋಯಿತು. ಗಿರಣಿ ನಿಂತಿತು.

ಮುಂದೆ ಆ ಗಿರಣಿ ಯಾರದೋ ಮನೆಯಾದಾಗ ಗಂಟೆ ಬಾಗಿಲಿಗೇರಿತು, ಕಲ್ಲು ಅದರ ಕೆಳಗೆ ಮೆಟ್ಟಿಲಾಯಿತು.

"ಅಕ್ಕಾ, ಅಂದು ಇನ್ನೊಂದು ಸಲ ಕೂಗಬಾರದಿತ್ತೆ?" ಎಂದು ಕಲ್ಲು ದೂರಿತು.

"ನೀನು ಬಿರಿಯುವ ತನಕ ಕೂಗುತ್ತಲೇ ಇದ್ದೆ, ತಮ್ಮಾ. ನಿನ್ನ ಆರ್ಭಟದಲ್ಲಿ ನಿನಗೆ ಕೇಳಿಸಲಿಲ್ಲ," ಎಂದಿತು ಗಂಟೆ.

ಕಲ್ಲಿಗೆ ತಲೆಯೆತ್ತಲಾಗಲಿಲ್ಲ. ಅಷ್ಟರಲ್ಲಿ ಅತಿಥಿಯೊಬ್ಬ ಬಂದು ಅದರ ಮೇಲೆ ಕೆಸರುಗಾಲು ಒರೆಸತೊಡಗಿದ.

"ಇನ್ನೂ ಒರೆಸಪ್ಪ," ಎಂದಿತು ಕಲ್ಲು.