ಉಪವಾಸದ ದಿನದ ತೀರ್ಪು

ತುಂಗಭದ್ರೆಯ ದಡದಲ್ಲಿದ್ದ ಆ ಆಶ್ರಮ ಈಗಿಲ್ಲ. ಹೊಂಗೆಯ ನೆರಳಿನ ಕಲ್ಲುಕಟ್ಟೆಯೊಂದು ಉಳಿದಿದೆ. ಸುತ್ತಲಿನವರು ಜಗಳ ಹೊತ್ತು ಅಲ್ಲಿಗೆ ಬಂದು, ಹಗುರಾಗಿ ಮರಳುತ್ತಿದ್ದ ಕಾಲವೊಂದಿತ್ತು.

ಒಂದು ದಿನ ಗುರು ಸಿದ್ಧವೀರಯ್ಯನವರು ಹೊಳೆಯಾಚೆಗೆ ಹೊರಟರು. ಶಿಷ್ಯ ತೋಂಟದಾರ್ಯನನ್ನು ಕರೆದು, “ಇವತ್ತು ಬಂದವರ ಮಾತು ನೀನೇ ಕೇಳು” ಎಂದರು.

ತೋಂಟದಾರ್ಯ ಅಂದು ಉಪವಾಸ ಹಿಡಿದ. ನ್ಯಾಯ ಹೇಳುವವನು ಮನಸ್ಸನ್ನು ಬಿಗಿಹಿಡಿಯಬೇಕು ಎಂದುಕೊಂಡ.

ಬೆಳಿಗ್ಗೆ ಅಣ್ಣತಮ್ಮಂದಿರ ಬದುವಿನ ಜಗಳ ಬಂತು. ಇಬ್ಬರನ್ನೂ ನಗಿಸಿ ಕಳಿಸಿದ. ಮಧ್ಯಾಹ್ನ ಒಬ್ಬ ಅವನನ್ನೇ ಬೈದ. ಸಿಟ್ಟು ನುಂಗಿಕೊಂಡ. ಜನ ಬರುತ್ತಲೇ ಇದ್ದರು. ಅವನು ನುಂಗುತ್ತಲೇ ಇದ್ದ.

ಹೊತ್ತು ಇಳಿದು ಅವನು ಹಸಿವಿನಿಂದ ಬಳಲಿದ್ದಾಗ ಹಾಲವ್ವನನ್ನು ಕರೆತಂದರು. ಗಂಡ ತೀರಿಹೋದ ಹೆಣ್ಣುಮಗಳು.

“ಹಾಸಿಗೆ ಹಿಡಿದ ನಮ್ಮವ್ವಗೆ ಹೊಡೆದಾಳೆ” ಎಂದ ಅವಳ ಮೈದುನ. “ಇನ್ನು ಇವಳು ನಮ್ಮ ಮನೆಯಲ್ಲಿ ಇರಬಾರದು.”

“ಹೊಡೆದೆಯಾ?” ತೋಂಟದಾರ್ಯ ಕೇಳಿದ.

“ಹೌದು ಬುದ್ಧಿ. ಆದರೆ...”

“ಆದರೆ ಗೀದರೆ ಬೇಡ. ಮನೆ ಬಿಟ್ಟು ಹೋಗು.”

ಹಾಲವ್ವ ಅಳಲಿಲ್ಲ. ಸೆರಗು ಹೊದ್ದು ಎದ್ದುಹೋದಳು.

ಸಂಜೆ ಗುರುಗಳು ಹರಿಗೋಲಿನಿಂದ ಇಳಿದರು. ನಡೆದದ್ದನ್ನೆಲ್ಲ ಕೇಳಿದರು. ಒಳಗೆ ಹೋಗಿ ರೊಟ್ಟಿ, ಮಜ್ಜಿಗೆ ತಂದು ಶಿಷ್ಯನ ಮುಂದಿಟ್ಟರು.

“ಉಂಡು ಮಲಗು.”

“ಗುರುಗಳೇ, ನನ್ನ ತೀರ್ಪು?”

“ಅದೂ ಮಲಗಲಿ.”

ಬೆಳಗಾಯಿತು. ಹೊಳೆಯಲ್ಲಿ ಮಿಂದು ಬಂದ ಶಿಷ್ಯನನ್ನು ಗುರುಗಳು ಕೇಳಿದರು: “ಹಾಲವ್ವ ‘ಆದರೆ’ ಅಂದಳಂತಲ್ಲ. ಆಮೇಲೆ ಏನಂದಳು?”

ತೋಂಟದಾರ್ಯನಿಗೆ ಗೊತ್ತಿರಲಿಲ್ಲ. ಒದ್ದೆ ತಲೆಯಲ್ಲೇ ಅವಳ ಊರಿಗೆ ನಡೆದ.

ಹಾಲವ್ವ ಊರಾಚೆಯ ಗುಡಿಯಲ್ಲಿ ಬಟ್ಟೆಗಂಟು ಇಟ್ಟುಕೊಂಡು ಕೂತಿದ್ದಳು.

“ತಾಯಿ, ನಿನ್ನೆ ನಿನ್ನ ಮಾತು ಅರ್ಧಕ್ಕೇ ತಡೆದೆ. ಈಗ ಹೇಳು.”

“ಅತ್ತೆಗೆ ರಾತ್ರಿಯೆಲ್ಲ ನಿದ್ದೆ ಇಲ್ಲ ಬುದ್ಧಿ. ನನಗೂ ಇಲ್ಲ. ದೀಪಾವಳಿಯಿಂದ ನಾನೊಬ್ಬಳೇ ನೋಡ್ತಿದೀನಿ. ಮೊನ್ನೆ ಬಾಯಿಗಿಟ್ಟ ಅಂಬಲಿ ನನ್ನ ಮೇಲೇ ಉಗುಳಿದರು. ಕೈ ಹೇಗೆ ಎದ್ದಿತೋ ಗೊತ್ತಿಲ್ಲ. ಹೊಡೆದದ್ದು ತಪ್ಪೇ.”

ತೋಂಟದಾರ್ಯ ಅವಳನ್ನು ಮನೆಗೆ ಕರೆದೊಯ್ದ. ಮೈದುನನಿಗೆ ಕೈಮುಗಿದು, “ನಿನ್ನೆ ನಾನು ಹೇಳಿದ್ದು ನ್ಯಾಯವಲ್ಲ” ಎಂದ. “ಇನ್ನು ಮೇಲೆ ರಾತ್ರಿ ನಿಮ್ಮವ್ವನ ಹತ್ತಿರ ನೀನು ಕೂರು. ಇವಳು ಮಲಗಲಿ.”

ಮೈದುನ ತಲೆ ತಗ್ಗಿಸಿದ. ಒಳಗಿನಿಂದ ಮುದುಕಿಯ ದನಿ ಕೇಳಿಸಿತು. “ಹಾಲವ್ವಾ, ಬಂದೆಯಾ? ಒಂದಿಷ್ಟು ನೀರು ಕೊಡವ್ವಾ.”

ಹಾಲವ್ವ ಗಂಟನ್ನು ಅಲ್ಲೇ ಬಿಟ್ಟು ಒಳಗೋಡಿದಳು.

ಹಿಂದಿರುಗಿದ ತೋಂಟದಾರ್ಯ ಗುರುಗಳ ಕಾಲ ಬಳಿ ಕೂತ. ಮುಂದೆ ತಾನೂ ಹಣ್ಣು ಮುದುಕನಾದಾಗ ಅವನು ಹೆಚ್ಚಾಗಿ ನೆನೆಯುತ್ತಿದ್ದುದು ಆ ಹೊತ್ತನ್ನೇ. ತಲೆಯ ಮೇಲಿದ್ದ ಗುರುಗಳ ಕೈ, ಅವರ ಮೆತ್ತಗಿನ ದನಿ ಆಗಲೂ ಅವನ ಕಣ್ಣು ತೇವಗೊಳಿಸುತ್ತಿದ್ದವು.

“ಗುರುಗಳೇ, ಮತ್ತೆ ಹೀಗಾಗದಂತೆ ಯಾವ ವ್ರತ ಹಿಡಿಯಲಿ?”

“‘ನನಗೆ ದಣಿವಾಗಿದೆ, ನಾಳೆ ಬನ್ನಿ’ ಅನ್ನುವುದನ್ನು ಕಲಿ, ಮಗು.”