ಚೀನೀ ವೈದ್ಯರ ಶಿಷ್ಯ ಜಟ್ಟಪ್ಪ

“ಕೇಳಿರಪ್ಪೋ ಶಂಖಪಟ್ಟಣದವರೇ! ರಾಣಿ ಚಂಪಕಾದೇವಿಯವರ ಮೂರು ಒಗಟು ಬಿಡಿಸಿದವರಿಗೆ ಮಹಾರಾಜರು ಬೇಡಿದ್ದನ್ನು ಕೊಡುತ್ತಾರೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಉರುಳುತ್ತದೆ!”

ಡಂಗುರ ಕೇಳಿ ಬೇರು ಕುಟ್ಟುತ್ತಿದ್ದ ಜಟ್ಟಪ್ಪ ಎದ್ದು ನಿಂತ. ಅವನ ಗುರು ಲಿನ್ ವೈದ್ಯರು ಹಡಗು ಹತ್ತಿ ಚೀನಾದಿಂದ ಬಂದವರು. ಕೂದಲೆಳೆಯಂಥ ಸೂಜಿಯಿಂದ, ಬೇರಿನ ಕಷಾಯದಿಂದ ಊರಿನ ನೋವು ಕಳೆದವರು. ಈಗ ಸೆರೆಯಲ್ಲಿದ್ದರು. ರಾಣಿಗೆ ತಲೆ ಸಿಡಿಯುವಾಗ ಅವರು ಕೈಗೆ ಸೂಜಿ ಹಾಕಿದ್ದೇ ತಪ್ಪಾಗಿತ್ತು. “ನೋವು ತಲೆಯಲ್ಲಿ, ಚುಚ್ಚಿದ್ದು ಕೈಗೆ! ಯಾರಿಗೆ ಟೋಪಿ ಹಾಕ್ತೀಯೋ?” ಎಂದು ರಾಜ ವೀರಬಂಕ ಮರಣದಂಡನೆ ವಿಧಿಸಿಬಿಟ್ಟ. ಮೂಗಿನ ತುದಿಯಲ್ಲೇ ಸಿಟ್ಟು ಆ ಪುಣ್ಯಾತ್ಮನಿಗೆ! ರಾಣಿಯ ಮಾತನ್ನೂ ಕೇಳಲಿಲ್ಲ.

“ಗುರುಗಳು ಉಳಿಯಬೇಕಾದರೆ ಇದೊಂದೇ ದಾರಿ” ಎಂದುಕೊಂಡು ಜಟ್ಟಪ್ಪ ಅರಮನೆಗೆ ನಡೆದ.

ಅಲ್ಲಿ ಪಕ್ಕದ ರಾಜ್ಯದ ಯುವರಾಜ ಆಗಲೇ ಮೀಸೆ ತಿರುವುತ್ತ ನಿಂತಿದ್ದ. ರಾಣಿ ಕೇಳಿದಳು: “ತೊಗಲಿನ ಗೋಡೆಯ ಮನೆಗೆ ನುಗ್ಗುತ್ತದೆ, ರಕ್ತ ಹೀರುವುದಿಲ್ಲ. ಒಳಗೆ ಅಡಗಿದ ಕಳ್ಳನನ್ನು ಓಡಿಸಿ ಬರುತ್ತದೆ. ಏನದು?”

“ಸೊಳ್ಳೆ!”

“ಅಯ್ಯೋ, ಸೊಳ್ಳೆಯೇ ಕಳ್ಳ ಅಲ್ಲವೇ ಯುವರಾಜರೇ?” ಎಂದಳು ರಾಣಿ. ಭಟರು ಅವನನ್ನು ಎಳೆದೊಯ್ದರು.

ಆಮೇಲೆ ಬಂದ ಕುದುರೆ ವ್ಯಾಪಾರಿ “ವೈದ್ಯರ ಸೂಜಿ” ಎಂದು ಮೊದಲನೆಯದನ್ನು ಗೆದ್ದ. ರಾಣಿ ಎರಡನೆಯದನ್ನು ಕೇಳಿದಳು: “ಬೆಂಕಿ ನೆತ್ತಿಯಲ್ಲಿ, ಅದು ಹೊರಗೆ ಹೋಗುವ ಬಾಗಿಲು ಕೈಯಲ್ಲಿ.”

“ಪಂಜು!”

“ಪಂಜಿಗೆ ಬಾಗಿಲೆಲ್ಲಿದೆಯಪ್ಪ?” ವ್ಯಾಪಾರಿಯೂ ಸೆರೆಮನೆ ಸೇರಿದ.

ಆಗ ಜಟ್ಟಪ್ಪ ಮುಂದೆ ಬಂದ. ಕುಟ್ಟಾಣಿ ಹಿಡಿದು ಒರಟಾದ ಕೈ ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವಿನ ಉಬ್ಬನ್ನು ತೋರಿಸಿದ. “ಮೊದಲನೆಯದು ಸೂಜಿ, ನಿಜ. ಎರಡನೆಯದಕ್ಕೆ ಬಾಗಿಲು ಇಲ್ಲಿದೆ ತಾಯೀ. ಇಲ್ಲಿ ಸೂಜಿಯಿಟ್ಟರೆ ತಲೆನೋವು ಹೊರಟುಹೋಗುತ್ತದೆ.”

“ಸರಿ,” ಎಂದಳು ರಾಣಿ. “ಮೂರನೆಯದು ಕೇಳು. ಒಬ್ಬ ರಾಜ ತನ್ನ ಮಂತ್ರಿ, ಸೇವಕ, ದೂತರ ಸಮೇತ ಕುದಿಯುವ ನೀರಿಗೆ ಬಿದ್ದ. ಪ್ರಜೆ ಬದುಕಿಕೊಂಡ. ಯಾರಾ ರಾಜ?”

ವೀರಬಂಕ ಹುಬ್ಬು ಗಂಟಿಕ್ಕಿದ. “ರಾಜನನ್ನು ಬೇಯಿಸುವ ಒಗಟೇ! ನೋಡಿ ಮಾತಾಡೋ ಹುಡುಗ!”

ಜಟ್ಟಪ್ಪ ತಲೆ ತಗ್ಗಿಸಲಿಲ್ಲ. “ಕಷಾಯದ ಮುಖ್ಯ ಬೇರು, ಮಹಾಸ್ವಾಮಿ. ಗುರುಗಳು ಅದನ್ನು ರಾಜ ಅನ್ನುತ್ತಾರೆ. ಅದಕ್ಕೆ ಬಲ ಕೊಡುವುದು ಮಂತ್ರಿ, ಅದರ ಉರಿ ತಣಿಸುವುದು ಸೇವಕ. ಎಲ್ಲರನ್ನೂ ನೋವಿದ್ದಲ್ಲಿಗೆ ಕರೆದೊಯ್ಯುವ ಅತಿಮಧುರದ ಬೇರು ದೂತ. ರಾಜನೂ ತನ್ನ ಸಾರ ಬಿಟ್ಟುಕೊಟ್ಟರೇನೇ ರೋಗಿ ಏಳುವುದು.”

“ಮೂರೂ ಸರಿ!” ಎಂದು ರಾಣಿ ಎದ್ದು ನಿಂತಳು.

“ಬೇಡಿಕೋ,” ಎಂದ ರಾಜ.

“ನನ್ನ ಗುರುಗಳನ್ನು ಕೊಡಿ.”

“ಆ ಮೋಸಗಾರನನ್ನೇ?”

“ಮೋಸವೆಲ್ಲಿ ಬಂತು?” ಎಂದಳು ರಾಣಿ. “ನನ್ನ ನೋವು ಅವತ್ತೇ ಹೋಯಿತು. ನೀವು ಕಿವಿಗೊಡಲಿಲ್ಲ. ಅದಕ್ಕೇ ಸೂಜಿ ಹಾಕುವಾಗ ವೈದ್ಯರು ಹೇಳಿದ್ದನ್ನೇ ಒಗಟು ಮಾಡಿ, ನಿಮ್ಮ ಮಾತಿನಲ್ಲೇ ನಿಮ್ಮನ್ನು ಕಟ್ಟಿಹಾಕಿದೆ.”

ರಾಜನ ಮುಖ ಕೆಂಪಾಯಿತು, ಬಿಳಿಚಿತು, ಕೊನೆಗೆ ಅವನಿಗೆ ನಗು ಬಂತು. ಲಿನ್ ವೈದ್ಯರ ಬೇಡಿ ಕಳಚಿತು. ರಾಣಿಯ ಮಾತಿನಂತೆ ಸೋತವರನ್ನೂ ಬಿಟ್ಟುಬಿಟ್ಟರು.

“ತಪ್ಪಾಯಿತು ವೈದ್ಯರೇ. ಈ ಗಲಾಟೆಯಲ್ಲಿ ನನ್ನ ತಲೆಯೇ ಸಿಡಿಯುತ್ತಿದೆ,” ಎಂದು ರಾಜ ಕೈ ಚಾಚಿದ.

ಎಂದೂ ಶಿಷ್ಯನನ್ನು ಹೊಗಳದ ಲಿನ್ ವೈದ್ಯರು ಸೂಜಿಯನ್ನು ಜಟ್ಟಪ್ಪನಿಗೆ ಕೊಟ್ಟರು. “ಇವನು ಹಾಕಲಿ, ಮಹಾರಾಜ. ನನಗಿಂತ ಇವನ ಕೈ ಹಗುರ.”