ಹುಲ್ಲಿನವನ ಎಡೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಭಜನೆ ಮನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಚೌಡಪ್ಪನವರು. ಅವರು ಇದನ್ನು ತಮ್ಮ ಗುರುಗಳ ಬಾಯಿಂದಲೇ ಕೇಳಿದ್ದರಂತೆ. ಅವರು ಹೇಳಿದ ಹಾಗೆಯೇ ಹೇಳುತ್ತೇನೆ.

ಒಬ್ಬ ಶಿಷ್ಯ ಗುರುಗಳ ಬಳಿ ಬಂದು ಕೈಮುಗಿದ. ಮುಖ ಗಂಟು ಹಾಕಿಕೊಂಡಿದ್ದ.

"ಗುರುಗಳೇ, ನನಗೆ ನನ್ನಿಂದಲೇ ಸಾಕಾಗಿಹೋಗಿದೆ. ನಿಮ್ಮ ಮುಂದೆ ಕೂತಿರುವಷ್ಟು ಹೊತ್ತು ನಾನು ಸಾಧು ಹಸು. ಮನೆಯ ಹೊಸ್ತಿಲು ದಾಟಿದೆನೋ, ಇನ್ನೊಬ್ಬ ಬಂದು ನನ್ನ ನಾಲಗೆಯ ಮೇಲೆ ಕೂರುತ್ತಾನೆ. ಹೆಂಡತಿಯನ್ನು ಬೈಯುತ್ತಾನೆ, ಬಡಿಸಿದ ಎಲೆಯನ್ನು ಬಿಟ್ಟು ಏಳುತ್ತಾನೆ. ಊರಿನವರು ನನ್ನನ್ನು ಶಾಂತ ಸ್ವಭಾವದವನು ಎಂದು ಹೊಗಳಿದರೆ ನನ್ನವಳು ಸೆರಗನ್ನು ಬಾಯಿಗೆ ಹಿಡಿದುಕೊಂಡು ನಗುತ್ತಾಳೆ. ಇಬ್ಬರಲ್ಲಿ ನಿಜವಾದ ನಾನು ಯಾರು? ಅದನ್ನೊಂದು ಹೇಳಿಬಿಡಿ."

ಗುರುಗಳು "ಕೂತುಕೋ" ಎಂದರು. ಅವನು ಕೂತ ಮೇಲೆ ಹೀಗೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಕಂಬಳಿಯ ಹೊರೆ ಬೆನ್ನಿಗೆ ಕಟ್ಟಿಕೊಂಡು ಹೊಳೆಯಾಚೆಯ ಸಂತೆಗಳಿಗೆ ಹೋಗಿ ಮಾರಿ ಬರುತ್ತಿದ್ದ. ದುಡಿಮೆಗಾರ. ಆದರೆ ಬಾಯಿ ಕೆಟ್ಟದ್ದು. ಮೂಗಿನ ತುದಿಯಲ್ಲೇ ಸಿಟ್ಟು.

ಒಂದು ಮಳೆಗಾಲ ಅವನು ಸಂತೆಗೆ ಹೊರಟ. ಹೆಂಡತಿ ರೊಟ್ಟಿ, ಚಟ್ನಿಪುಡಿ ಹಾಕಿ ಬುತ್ತಿ ಕಟ್ಟಿಕೊಟ್ಟಳು. ಅವನು ಪುಡಿಯನ್ನು ನಾಲಗೆಗೆ ಹಚ್ಚಿ ನೋಡಿದ. ಉಪ್ಪು ಹೆಚ್ಚಾಗಿತ್ತು. ಬುತ್ತಿಯನ್ನು ಅಂಗಳಕ್ಕೆ ಎಸೆದು, ಹಿಂತಿರುಗಿ ನೋಡದೆ ನಡೆದುಬಿಟ್ಟ.

ಆ ದಿನ ಹೊಳೆ ಬಂತು. ದಾಟುತ್ತಿದ್ದವನನ್ನು ಎಳೆದುಕೊಂಡು ಹೋಯಿತು. ಕೆಲವು ದಿನ ಕಳೆದ ಮೇಲೆ ಅವನ ಕಂಬಳಿ ಹೊರೆಯೂ ಮುಂಡಾಸೂ ಹೊಳೆಯ ತಿರುವಿನ ಮುಳ್ಳುಪೊದೆಯಲ್ಲಿ ಸಿಕ್ಕವು. ಹೆಣ ಸಿಗಲಿಲ್ಲ.

ಹೆಣ ಸಿಗದವರಿಗೆ ಆ ಕಡೆ ಒಂದು ಪದ್ಧತಿ. ಹುಲ್ಲಿನಲ್ಲಿ ಆಳೆತ್ತರದ ಗೊಂಬೆ ಕಟ್ಟುತ್ತಾರೆ. ಹೋದವನ ಪಂಚೆಯನ್ನೇ ಉಡಿಸುತ್ತಾರೆ. ಹೆಸರು ಹೇಳಿ ಬೆಂಕಿ ಕೊಡುತ್ತಾರೆ. ವ್ಯಾಪಾರಿಗೂ ಹಾಗೆಯೇ ಮಾಡಿದರು. ಅವನ ತಮ್ಮ ಬೆಂಕಿ ಕೊಟ್ಟ. ಹೆಂಡತಿ ತಾಳಿ ತೆಗೆದಿಟ್ಟಳು.

ವ್ಯಾಪಾರಿ ಸತ್ತಿರಲಿಲ್ಲ. ದೂರದ ಒಂದು ಹಳ್ಳಿಯ ಬೆಸ್ತರು ಅವನನ್ನು ನೀರಿನಿಂದ ಎತ್ತಿದ್ದರು. ಕಾಲು ಮುರಿದಿತ್ತು, ಜ್ವರ ಹಿಡಿದಿತ್ತು. ಸುದ್ದಿ ಹೇಳಿ ಕಳಿಸೋಣವೆಂದರೆ ಈ ಕಡೆಗೆ ಬರುವವರೇ ಅಲ್ಲಿರಲಿಲ್ಲ. ಕಾಲು ಕೂಡಿ, ಊರುಗೋಲು ಹಿಡಿದು ನಡೆದು ಅವನು ತನ್ನ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಇನ್ನೇನು ವರ್ಷ ತುಂಬುತ್ತಿತ್ತು.

ಹೆಂಡತಿ ಕಂಬ ಹಿಡಿದು ನಿಂತುಬಿಟ್ಟಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. ವ್ಯಾಪಾರಿ ನೋಡಿದ. "ಏನು ಕಣ್ಣು ಬಿಟ್ಟುಕೊಂಡು ನಿಂತಿದ್ದೀಯ? ಕಾಲಿಗೆ ನೀರು ಕೊಡೋಕೂ ನಿನಗೆ ಯಾರಾದರೂ ಬಂದು ಹೇಳಬೇಕಾ?" ಎಂದ.

ಬಂದ ಕಣ್ಣೀರು ಅಲ್ಲೇ ನಿಂತಿತು.

ಅವನು ಕಾಲು ತೊಳೆದು ಒಳಗೆ ಹೆಜ್ಜೆ ಇಡಬೇಕು, ಅಷ್ಟರಲ್ಲಿ ಕುಲದ ಹಿರಿಯ ಬಂದು ಕೋಲು ಅಡ್ಡ ಹಿಡಿದ. ಅವನು ವ್ಯಾಪಾರಿಗೆ ದೊಡ್ಡಪ್ಪನಾಗಬೇಕು.

"ನಿಲ್ಲು ಮಗನೇ. ನೀನು ಬದುಕಿ ಬಂದದ್ದು ಸಂತೋಷ. ಆದರೆ ಒಬ್ಬ ಹೋಗಿದ್ದಾನಲ್ಲ! ನಿನ್ನ ಪಂಚೆ ಉಟ್ಟುಕೊಂಡು, ನಿನ್ನ ಹೆಸರು ಹೊತ್ತುಕೊಂಡು ಹೋಗಿದ್ದಾನೆ. ವರ್ಷದ ಎಡೆ ಇಟ್ಟು, ಅದನ್ನು ಕಾಗೆ ಮುಟ್ಟಿ, ಅವನನ್ನು ಸರಿಯಾಗಿ ಕಳಿಸಿಕೊಡಬೇಕು. ಆಮೇಲೆ ನಿನ್ನ ಕೈಯಿಂದಲೇ ಇವಳಿಗೆ ಮತ್ತೆ ತಾಳಿ ಕಟ್ಟಿಸುತ್ತೇವೆ. ಅಲ್ಲಿಯವರೆಗೆ ಇವಳು ಅವನ ಹೆಂಡತಿ. ನೀನು ಜಗಲಿಯ ಮೇಲಿರು."

"ಅವನು ಅಂದರೆ ಯಾರು ದೊಡ್ಡಪ್ಪ? ಹುಲ್ಲು! ನಮ್ಮ ಬಣವೆಯಿಂದ ಹಿರಿದ ಹುಲ್ಲು!"

"ಹುಲ್ಲೇ ಇರಲಿ. ಹೆಸರು ಹೇಳಿ ಬೆಂಕಿ ಕೊಟ್ಟಾಯಿತು. ಈಗ ಅವನು ನಮ್ಮ ಹಿರಿಯರಲ್ಲಿ ಒಬ್ಬ."

ವ್ಯಾಪಾರಿ ತಲೆ ಚಚ್ಚಿಕೊಂಡ. ಆದರೆ ಊರೇ ದೊಡ್ಡಪ್ಪನ ಕಡೆ ಇತ್ತು. ಅವನು ಜಗಲಿಯಲ್ಲಿ ಚಾಪೆ ಹಾಸಿಕೊಂಡ.

ಜಗಲಿಯಲ್ಲಿ ಕೂತ ಮೇಲೆ ಅವನಿಗೆ ನಿಜವಾದ ಕಷ್ಟ ಶುರುವಾಯಿತು. ಬೆಂಕಿಯಲ್ಲಿ ಹೋದ ಹುಲ್ಲಿನವನು ಸುಮ್ಮನೆ ಹೋಗಿರಲಿಲ್ಲ. ಊರಿನವರ ಬಾಯಲ್ಲಿ ದಿನದಿನಕ್ಕೆ ಒಳ್ಳೆಯವನಾಗುತ್ತಾ ಬಂದಿದ್ದ.

ಒಬ್ಬ ಕುರಿಗಾಹಿ ಬಂದು, "ಹೋದವನು ಕೊಟ್ಟ ಕಂಬಳಿ ನೋಡು, ಇವತ್ತಿಗೂ ಒಂದು ಹನಿ ಇಳಿಯಲ್ಲ," ಎಂದು ಹೊದ್ದ ಕಂಬಳಿಯನ್ನು ತಟ್ಟಿ ತೋರಿಸಿದ.

"ಅದನ್ನು ಕೊಟ್ಟವನು ನಾನೇ ಕಣಯ್ಯ!"

"ನೀನು ನಮ್ಮ ಭಾವನಿಗೆ ಕೊಟ್ಟೆಯಲ್ಲ, ಅದು ಸೋರುತ್ತೆ," ಎಂದು ಕುರಿಗಾಹಿ ಎದ್ದುಹೋದ.

ಒಳ್ಳೆಯ ಕಂಬಳಿಗಳೆಲ್ಲ ಸತ್ತವನವು, ಸೋರುವ ಕಂಬಳಿಗಳೆಲ್ಲ ಇವನವು ಎಂದಾಯಿತು. ಅವನು ಯಾರನ್ನಾದರೂ ಗದರಿದರೆ, "ಪಾಪ, ಹೋದವನು ಹೀಗೆ ಒಂದು ದಿನವೂ ಗಂಟಲು ಎತ್ತಿದವನಲ್ಲ," ಎನ್ನುವರು. ಹೆಂಡತಿಯೂ ಅಷ್ಟೇ. ಇವನಿಗೆ ಅನ್ನ ತಂದಿಟ್ಟು, ಇವನ ಕೂಗಾಟ ಕೇಳಿ, "ಅವರು ಹೀಗಿರಲಿಲ್ಲ," ಎಂದು ಒಳಗೆ ಹೋಗುವಳು. ತನ್ನ ಹೆಂಡತಿ ತನ್ನ ಎದುರಿಗೇ ನಿಂತು ತನ್ನನ್ನೇ 'ಅವರು' ಎಂದು ನೆನೆಸಿಕೊಳ್ಳುವುದನ್ನು ಕೇಳಿ ಕೇಳಿ ಅವನಿಗೆ ಮೈ ಉರಿಯುತ್ತಿತ್ತು. ಬೈಯೋಣವೆಂದರೆ ಯಾರನ್ನು ಬೈಯುವುದು? ಹೊಡೆಯೋಣವೆಂದರೆ ಅವನು ಎಲ್ಲಿದ್ದಾನೆ?

ಒಂದು ದಿನ ನೆರೆಮನೆಯ ಹೆಂಗಸರು ಜಗಲಿಯ ಕೆಳಗೆ ಕಾಳು ಹಸನು ಮಾಡುತ್ತಾ ಮಾತಾಡುತ್ತಿದ್ದರು. "ಹೋಗುವ ದಿನವೂ ಆ ಪುಣ್ಯಾತ್ಮ ಹೆಂಡತಿ ಕಟ್ಟಿದ ಬುತ್ತಿಯನ್ನು ಕಣ್ಣಿಗೆ ಒತ್ತಿಕೊಂಡು ಹೋದನಂತೆ," ಎಂದಳು ಒಬ್ಬಳು.

ವ್ಯಾಪಾರಿ ಜಗಲಿಯಿಂದ ಧುಮುಕಿದ. "ಯಾರು ಹೇಳಿದ್ದು? ಬುತ್ತಿಯನ್ನು ಇದೇ ಅಂಗಳಕ್ಕೆ ಎಸೆದು ಹೋದೆ! ಉಪ್ಪು ಹೆಚ್ಚಾಗಿತ್ತು! ನಾಯಿ ತಿಂದಿರಬೇಕು!"

"ಶಿವ ಶಿವ," ಎಂದು ಹೆಂಗಸರು ಕಿವಿ ಮುಚ್ಚಿಕೊಂಡರು. "ಹೋದವರ ಮೇಲೆ ಹೀಗೆಲ್ಲ ಹೇಳಬಾರದಪ್ಪ. ನಿನಗೇನು ಅನ್ಯಾಯ ಮಾಡಿದ್ದ ಅವನು?"

ವ್ಯಾಪಾರಿ ಹೊಸ್ತಿಲಿಗೆ ಬಂದು ಹೆಂಡತಿಯನ್ನು ಕೂಗಿದ. "ಊರಿಗೆಲ್ಲ ಯಾಕೆ ಸುಳ್ಳು ಹೇಳಿದೆ?"

ಅವಳು ಮೊರದಲ್ಲಿ ಕಾಳು ಕೇರುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಹಸಿದ ಹೊಟ್ಟೆಯಲ್ಲಿ ನೀರಿಗೆ ಬಿದ್ದರು ಅಂತ ಹೇಳಲಾ?" ಎಂದಳು.

ವ್ಯಾಪಾರಿ ಹೊಸ್ತಿಲಿನಿಂದ ಹಿಂದೆ ಸರಿದ. ಮತ್ತೆ ಜಗಲಿ ಹತ್ತಿ ಕೂತ. ವರ್ಷದ ದಿನ ಬೇಗ ಬರಲಿ, ಆ ಹುಲ್ಲಿನವನು ಒಮ್ಮೆ ತೊಲಗಲಿ ಎಂದು ಕಾಯತೊಡಗಿದ.

ಆ ದಿನ ಬಂತು. ಊರ ಹೊರಗಿನ ಬಾವಿಕಟ್ಟೆಯ ಮೇಲೆ ಬಾಳೆಲೆ ಹಾಸಿದರು. ಅನ್ನ, ಹೋಳಿಗೆ, ತುಪ್ಪ, ಪಲ್ಯ ಎಲ್ಲ ಬಡಿಸಿದರು. ವ್ಯಾಪಾರಿಗೆ ಹೆಂಡತಿ ಯಾವತ್ತೂ ಇಷ್ಟು ಬಡಿಸಿರಲಿಲ್ಲ. ಅವನ ಹೊಟ್ಟೆ ಒಂದು ಕಡೆ ಹಸಿದಿತ್ತು, ಇನ್ನೊಂದು ಕಡೆ ಉರಿಯಿತು.

ಬೇವಿನ ಮರದ ಮೇಲೆ ಒಂದು ಕಾಗೆ ಕೂತಿತ್ತು. ಅದು ಇಳಿದು ಬಂದು ಎಡೆ ಮುಟ್ಟಬೇಕು. ಮುಟ್ಟದಿದ್ದರೆ ಹೋದವನ ಮನಸ್ಸಿನಲ್ಲಿ ಏನೋ ಆಸೆ ಉಳಿದಿದೆ ಎಂದರ್ಥ. ಅದು ಯಾವುದೆಂದು ಊಹಿಸಿ, ನಡೆಸಿಕೊಡುತ್ತೇವೆ ಎಂದು ಮನೆಯವರು ಮಾತು ಕೊಡಬೇಕು. ಸರಿಯಾದ ಮಾತು ಬಿದ್ದರೆ ಕಾಗೆ ಇಳಿಯುತ್ತದೆ. ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ.

ಕಾಗೆ ಇಳಿಯಲಿಲ್ಲ.

ವ್ಯಾಪಾರಿಯ ತಮ್ಮ ಮುಂದೆ ಬಂದ. "ಅಣ್ಣಾ, ನಿನ್ನ ವ್ಯಾಪಾರ ನಾನು ನಡೆಸಿಕೊಂಡು ಹೋಗುತ್ತೇನೆ," ಎಂದ. ಕಾಗೆ ಕತ್ತು ಓರೆ ಮಾಡಿ ನೋಡಿತು. ದೊಡ್ಡಪ್ಪ ಮುಂದೆ ಬಂದು, "ಹೊಳೆದಂಡೆಯಲ್ಲಿ ನಿನ್ನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸುತ್ತೇವಪ್ಪ," ಎಂದ. ಕಾಗೆ ರೆಕ್ಕೆಯಲ್ಲಿ ಕೊಕ್ಕು ತೂರಿಸಿ ಕೆರೆದುಕೊಂಡಿತು. ನೆಂಟರು ಒಬ್ಬೊಬ್ಬರಾಗಿ ಬಂದು ಒಂದೊಂದು ಮಾತು ಕೊಟ್ಟರು. ಬಿಸಿಲು ನೆತ್ತಿಗೆ ಬಂತು. ಹೋಳಿಗೆಯ ಮೇಲಿನ ತುಪ್ಪ ಕರಗಿ ಎಲೆಯ ಮೇಲೆ ಹರಿಯಿತು.

ವ್ಯಾಪಾರಿಗೆ ತಡೆಯಲಾಗಲಿಲ್ಲ. "ನಾನು ಇಲ್ಲೇ ನಿಂತಿದ್ದೀನಲ್ಲ! ನನ್ನ ಆಸೆ ಏನು ಅಂತ ನನ್ನನ್ನೇ ಕೇಳಬಾರದಾ? ಇಲ್ಲ, ಈ ಊರಲ್ಲಿ ಬೇರೆ ಕಾಗೆಯೇ ಇಲ್ಲವಾ?"

"ನೀನು ಸುಮ್ಮನಿರು," ಎಂದ ದೊಡ್ಡಪ್ಪ. "ಅವನ ಮನಸ್ಸು ನಿನಗೇನು ಗೊತ್ತು?" ಆಮೇಲೆ ಆಕಾಶ ನೋಡಿ ನಿಟ್ಟುಸಿರು ಬಿಟ್ಟ. "ಇವತ್ತು ಆಗಲಿಲ್ಲ ಅಂದರೆ ಬರುವ ವರ್ಷವೇ. ಅಲ್ಲಿಯವರೆಗೆ ಜಗಲಿ ಇದ್ದೇ ಇದೆಯಲ್ಲ."

ಇನ್ನೊಂದು ವರ್ಷ! ವ್ಯಾಪಾರಿ ಊರುಗೋಲನ್ನು ನೆಲಕ್ಕೆ ಕುಟ್ಟಿದ. ಬೈಯಲು ಬಾಯಿ ತೆರೆದು ಹೆಂಡತಿಯ ಕಡೆ ತಿರುಗಿದ. ಅವಳು ಎಡೆಯನ್ನೇ ನೋಡುತ್ತಿದ್ದಳು. "ಇಷ್ಟು ಮಾಡಿದೆ. ಅವರಿಗೆ ಏನು ಬೇಕಾಗಿತ್ತೋ, ನನಗೆ ತಿಳಿಯಲೇ ಇಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು.

ವ್ಯಾಪಾರಿಯ ಬಾಯಿ ಮುಚ್ಚಿಕೊಂಡಿತು. ಅವನಿಗೆ ಹೊಳೆ ನೆನಪಾಯಿತು.

ನೆನೆದ ಕಂಬಳಿಯ ಹೊರೆ ಕಲ್ಲಿನ ಹಾಗೆ ಬೆನ್ನಿನ ಮೇಲೆ ಕೂತು ಅವನನ್ನು ಕೆಳಕ್ಕೆ ಒತ್ತಿತ್ತು. ಮೂಗಿನವರೆಗೆ ನೀರು. ಹೊರೆಯ ಗಂಟು ಬಿಚ್ಚಲು ಬೆರಳು ಹುಡುಕುತ್ತಿದ್ದಾಗ ಅವನಿಗೆ ದೇವರು ನೆನಪಾಗಿರಲಿಲ್ಲ, ವ್ಯಾಪಾರ ನೆನಪಾಗಿರಲಿಲ್ಲ. ಅಂಗಳದಲ್ಲಿ ಚೆಲ್ಲಿದ ರೊಟ್ಟಿಗಳು ನೆನಪಾಗಿದ್ದವು. ಬದುಕಿದರೆ ಮನೆಗೆ ಹೋಗುತ್ತೇನೆ, ಅವಳು ಕಟ್ಟಿದ ಬುತ್ತಿಯನ್ನು ಅವಳ ಎದುರಿಗೆ ಬಿಚ್ಚಿ ಉಣ್ಣುತ್ತೇನೆ, ಉಪ್ಪು ಸರಿಯಾಗಿದೆ ಅನ್ನುತ್ತೇನೆ ಎಂದುಕೊಂಡಿದ್ದ. ಅಷ್ಟರಲ್ಲಿ ಗಂಟು ಬಿಚ್ಚಿತು. ಬೆಸ್ತರು ಎತ್ತಿ ದಂಡೆಗೆ ಹಾಕಿದರು. ಕಾಲು ನೋಯತೊಡಗಿತು. ಅವನು ಬೆಸ್ತರನ್ನು ಬೈದ. ಉಪ್ಪಿನ ಆ ಮಾತು ನೀರಿನಲ್ಲೇ ಉಳಿದುಹೋಯಿತು.

ವ್ಯಾಪಾರಿ ಕುಂಟುತ್ತಾ ಬಾವಿಕಟ್ಟೆಯ ಹತ್ತಿರ ಹೋದ. ದೊಡ್ಡಪ್ಪ ತಡೆಯಲು ಕೈ ಎತ್ತಿದವನು ಅವನ ಮುಖ ನೋಡಿ ಕೈ ಇಳಿಸಿದ.

ವ್ಯಾಪಾರಿ ಮರದ ಕಡೆ ತಲೆ ಎತ್ತಿ ಹೇಳಿದ. "ಅಯ್ಯಾ, ನೀನು ಆ ಬುತ್ತಿ ಉಣ್ಣಬೇಕು ಅಂದುಕೊಂಡಿದ್ದೆ. ಉಣ್ಣದೆ ಹೋದೆ. ನಿನ್ನ ಬದಲು ನಾನು ಉಣ್ಣುತ್ತೇನೆ. ನೀನು ಹೇಳಬೇಕು ಅಂದುಕೊಂಡಿದ್ದನ್ನೂ ಹೇಳುತ್ತೇನೆ. ಹೋಗಿ ಬಾ."

ಕಾಗೆ ಇಳಿಯಿತು. ಹೋಳಿಗೆಯನ್ನು ಬಿಟ್ಟು ಒಂದು ಅಗುಳು ಅನ್ನ ಕಚ್ಚಿಕೊಂಡು ಹಾರಿಹೋಯಿತು.

ಜನ ಕೈಮುಗಿದರು. ಎಲೆ ಹಾಕಿ, ನೀರು ತನ್ನಿ ಎಂದು ಗದ್ದಲವೆದ್ದಿತು. ಹೆಂಡತಿ ಮಾತ್ರ ಯಾರ ಮಾತೂ ಕೇಳಿಸದವಳಂತೆ ಸರಸರನೆ ಮನೆಗೆ ನಡೆದಳು. ವ್ಯಾಪಾರಿ ಊರುಗೋಲು ಊರಿಕೊಂಡು ಹಿಂದೆ ಹೋದ. ಅಭ್ಯಾಸದಂತೆ ಜಗಲಿಯ ಮೇಲೆ ಕೂತ.

ಅವಳು ಒಳಗಿನಿಂದ ಒಂದು ಬುತ್ತಿ ತಂದು ಅವನ ಮುಂದೆ ಇಟ್ಟಳು. ಹೋಳಿಗೆ ಇರಲಿಲ್ಲ. ರೊಟ್ಟಿ, ಚಟ್ನಿಪುಡಿ. ಇಟ್ಟು ಎದುರಿಗೆ ಕೂತಳು.

ಅವನು ಗಂಟು ಬಿಚ್ಚಿದ. ರೊಟ್ಟಿ ಮುರಿದು ಪುಡಿಯಲ್ಲಿ ಅದ್ದಿ ಬಾಯಿಗಿಟ್ಟ. ಉಪ್ಪು ಹೆಚ್ಚಾಗಿತ್ತು. ಅವಳ ಕೈಯೇ ಹಾಗೆ. ನಾಲಗೆಯ ತುದಿಗೆ ಹಳೆಯ ಮಾತು ಬಂತು. ಅವನು ಅದನ್ನು ರೊಟ್ಟಿಯ ಜೊತೆ ನುಂಗಿದ.

"ಉಪ್ಪು ಸರಿಯಾಗಿದೆ," ಎಂದ.

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. "ಅವರು ಎರಡು ರೊಟ್ಟಿಗೇ ಸಾಕು ಅನ್ನುತ್ತಿದ್ದರು," ಎಂದಳು, ಪರೀಕ್ಷೆ ಮಾಡುವವಳಂತೆ.

"ನನಗೆ ಇನ್ನೊಂದು ಹಾಕು," ಎಂದ ವ್ಯಾಪಾರಿ.

ಅವಳು ಎದ್ದಳು. ಹೊಸ್ತಿಲ ಬಳಿ ನಿಂತು ತಿರುಗಿದಳು. "ಜಗಲಿಯಲ್ಲಿ ಎಷ್ಟು ದಿನ ಅಂತ ಕೂರುತ್ತೀರಿ? ಒಳಗೆ ಬನ್ನಿ."

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಮುಖದ ಗಂಟು ಇನ್ನೂ ಬಿಚ್ಚಿರಲಿಲ್ಲ.

"ಕತೆಯೇನೋ ಚೆನ್ನಾಗಿದೆ ಗುರುಗಳೇ. ಆದರೆ ನಾನು ಕೇಳಿದ್ದು ಅದಲ್ಲ. ಇಬ್ಬರಲ್ಲಿ ನಿಜವಾದವನು ಯಾರು? ಬೆಂಕಿಯಲ್ಲಿ ಹೋದವನೋ, ಜಗಲಿಯಲ್ಲಿ ಕೂತವನೋ? ನೀವು ಅದನ್ನು ಹೇಳಲೇ ಇಲ್ಲ."

ಗುರುಗಳು ಬಿಸಿಲನ್ನು ನೋಡಿದರು.

"ಹೊತ್ತು ಮಧ್ಯಾಹ್ನವಾಯಿತು, ಮನೆಯಲ್ಲಿ ನಿನ್ನವಳು ನಿನಗೆ ಎಲೆ ಹಾಕಿಟ್ಟು ಕಾಯುತ್ತಿದ್ದಾಳೆ, ಕಾಗೆ ಮುಟ್ಟುವ ಮೊದಲು ಹೋಗಿ ಉಣ್ಣು."

ಶಿಷ್ಯ ಎದ್ದು ಮನೆಯ ಕಡೆ ನಡೆದ.

ಕೇಳಿದ ನೀವು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಚೌಡಪ್ಪನವರು ನನಗೆ ಕೊಟ್ಟ ಹಾಗೆ, ಊಟಕ್ಕೆ ಕೂರುವ ಮುಂಚೆ ಇನ್ನೊಬ್ಬರಿಗೆ ಕೊಟ್ಟುಬಿಡಿ.